ಆರನೇ ಅಧ್ಯಾಯದಾಗ ನಿಂತ ಕಾದಂಬರಿ: ನೀವು ಹೆಂಗ ಮುಂದ ಒಯ್ದ್ರಿ?

ಕೇಳಿದವರು, ಕಲಬುರಗಿ:
ಸರ್ಕಾರಿ ಕಚೇರ್ಯಾಗ ಗುಮಾಸ್ತ. ಶಹಾಬಾದ್ ಕಡಿ ಪರಸಿ (ಹಾಸುಗಲ್ಲು) ಖಣಿ ನಂಬ್ಕೊಂಡು ಬದುಕಿದ ಒಂದು ಮನೆತನದ ಕಾದಂಬರಿ ಬರೀಲತ್ತೀನಿ. ಐದು ಅಧ್ಯಾಯ ಸರಸರ ಬಂದ್ವು. ಆರನೇದರಾಗ, ಮಗ ಅಪ್ಪನ ಜೋಡಿ ಮೊದಲ ಸಲ ಖಣಿಗಿ ಇಳಿಯೋ ಕಡಿ, ನಿಂತುಬಿಟ್ಟದ. ಸಂಜಿಗಿ ಕುಂತ್ರ ಫೋನು, ಬೀಗರು, ಹುಡುಗರ ಹೋಂವರ್ಕ್, ಅದರ ಮ್ಯಾಲ ಕರೆಂಟ್ ಹೋಗ್ತದ. ಹುಮ್ಮಸ್ಸೇ ಉಳಿದಿಲ್ಲ. ಬರೆದು ಮುಗಿಸಿದವರು, ಬರೀಲತ್ತವರು ನಿಮ್ಮ ಅನುಭವ ಹೇಳ್ರಿ.

ಶಿಕ್ಷಕಿ, ಸೇಡಂ:
ಅಣ್ಣಾವರೇ, ಫೋನು, ಬೀಗರು ಐದನೇ ಅಧ್ಯಾಯದ ತನಕನೂ ಇದ್ರಲ್ಲ? ಆವಾಗ ಹೆಂಗ ಬರೆದ್ರಿ? ನನಗ ಅನಸೋದು, ತೀರಿದ್ದು ಹುಮ್ಮಸ್ಸಲ್ಲ, ನಿಮ್ಮ ಕಡಿ ಇದ್ದ ಸಾಮಾನು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಪದರ ಪದರಾಗಿ ಬಿದ್ದಿರ್ತದ, ಅದಕ್ಕೇ ಸಂದಿಗಿ ಉಳಿ ಹಚ್ಚಿ ಹೊಡದ್ರ ಹಾಸುಗಲ್ಲು ಎದ್ದು ಬರ್ತದ. ಇಷ್ಟು ನನಗೂ ಗೊತ್ತದ. ಆದ್ರ ಮೊದಲ ದಿನ ಆ ಹುಡುಗನ ಕೈಯಾಗ ಅಪ್ಪ ಏನು ಕೊಡ್ತಾನ, ಸುತ್ತಗಿನೋ ನೀರಿನ ಕೊಡನೋ? ಪದರ ಬಿಟ್ಟು ಕಲ್ಲು ಅಡ್ಡ ಒಡದ್ರ ಬೈಯೋರು ಯಾರು, ನಷ್ಟ ಯಾರ ಲೆಕ್ಕಕ್ಕ? ಇವು ತಿಳೀಲಿಲ್ಲಂದ್ರ ಮನಿ ಖಾಲಿ ಇದ್ರೂ ಪೆನ್ನು ಓಡಂಗಿಲ್ಲ. ಖಣಿ ಕೆಲಸ ಮಾಡಿದ ಹಿರಿಯರ ಹತ್ರ ಒಂದು ಐತವಾರ ಕುಂತು ಬರ್ರಿ.

ಇನ್ನೊಂದು. ದೃಶ್ಯ ಪೂರ್ತಿ ಮುಗಿಸಿ ಏಳಬ್ಯಾಡ್ರಿ. ಮುಂದಿನ ಮಾತು ಯಾರು ಆಡ್ತಾರ ಅಂತ ಗೊತ್ತಿದ್ದಾಗಲೇ ನಿಲ್ಲಸ್ರಿ (ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ ಅವರ ರೂಢಿನೂ ಇದೇ ಇತ್ತು). ಕೆಳಗ ಒಂದು ಸಾಲು ಬರೆದಿಡ್ರಿ: ‘ಅವ್ವ ಬುತ್ತಿ ತರ್ತಾಳ, ಅಪ್ಪ ಉಣ್ಣಂಗಿಲ್ಲ.’ ಬೀಗರು ವಾರ ಕುಂತು ಹೋದ್ರೂ ಎಲ್ಲಿಂದ ಹಿಡೀಬೇಕು ಅಂತ ಹುಡುಕೋದು ಇರಂಗಿಲ್ಲ.

ಕೇಳಿದವರು:
ಸುತ್ತಗಿನೋ ಕೊಡನೋ, ಖರೇನೇ ಗೊತ್ತಿಲ್ಲ ಅಕ್ಕಾವರೇ. ಐತವಾರ ಹೋಗ್ತೀನಿ. ಆದ್ರ ಸಂಜಿ ಗದ್ದಲಕ್ಕ ಏನ್ ಮಾಡ್ಲಿ?

ಗೃಹಿಣಿ, ಬೀದರ್:
ಮನ್ಯಾಗ ‘ಕಾದಂಬರಿ ಬರೀಲತ್ತೀನಿ’ ಅನ್ನಲೇಬ್ಯಾಡ್ರಿ. ‘ಕಚೇರಿ ಕೆಲಸ ತಂದೀನಿ’ ಅನ್ರಿ, ಯಾರೂ ಮಾತಾಡ್ಸಂಗಿಲ್ಲ. ನಾನು ಸ್ತ್ರೀಶಕ್ತಿ ಸಂಘದ ಲೆಕ್ಕ ಅಂತ ಹೇಳಿ ಬರೀತೀನಿ. ನಮ್ಮ ಅತ್ತಿಯವರು ಇದನ್ನ ಓದಂಗಿಲ್ಲ ಅನ್ನೋದೇ ಧೈರ್ಯ.

ನಿವೃತ್ತ ನೌಕರ, ಕಲಬುರಗಿ:
ಏಪ್ರಿಲ್, ಮೇ ನಮ್ಮ ವಿಭಾಗದಾಗ ಕಚೇರಿ ಮುಂಜಾನೆ 8ರಿಂದ 1.30ರ ತನಕ. ಮಧ್ಯಾಹ್ನ ಪೂರ್ತಿ ನಮ್ಮದು ಅಂತ ಹಿಗ್ಗಬ್ಯಾಡ್ರಿ. 42 ಡಿಗ್ರಿ ಬಿಸಿಲಾಗ ಹೊಸ ಸಾಲು ಹುಟ್ಟಂಗಿಲ್ಲ. ಆ ಹೊತ್ತು ಹಳೇ ಪುಟ ಓದಿ ಹೆಸರು, ವಯಸ್ಸು ತಾಳೆ ನೋಡ್ಕೊಳ್ಳಿಕ್ಕ ಛಲೋ. ಹೊಸದು ನಸುಕಿನಾಗೇ. ಇಂಗ್ಲೆಂಡಿನ ಆಂಥನಿ ಟ್ರೊಲಪ್ ಅಂಚೆ ಇಲಾಖ್ಯಾಗ ನೌಕರಿ ಮಾಡ್ಕೋತ, ಮುಂಜಾನೆ 5.30ಕ್ಕ ಗಡಿಯಾರ ಮುಂದಿಟ್ಕೊಂಡು ಕಾಲು ತಾಸಿಗಿ 250 ಪದ ಬರೀತಿದ್ರು. 40ಕ್ಕೂ ಹೆಚ್ಚು ಕಾದಂಬರಿ ಆದ್ವು. ಆದ್ರ ಅವರನ್ನ ಎಬ್ಬಿಸಿ ಕಾಫಿ ಕೊಡ್ಲಿಕ್ಕ ವರ್ಷಕ್ಕ 5 ಪೌಂಡ್ ಹೆಚ್ಚಿಗಿ ತಗೊಳ್ಳೋ ಆಳು ಒಬ್ಬ ಇದ್ದ ಅನ್ನೋದೂ ಹೇಳಬೇಕಲ್ಲ.

ದಿನಾ ಓಡಾಡೋವ, ಯಾದಗಿರಿ:
ಕಲಬುರಗಿಗಿ ಹೋಗೋ ಟ್ರೇನಿನಾಗ, ವಾಡಿ ಜಂಕ್ಷನ್ ಬರೋದ್ರಾಗ, ಫೋನಿಗಿ ಹೇಳಿ ಬರಸ್ತೀನಿ. ಪುಸ್ತಕದ ಭಾಷಿ ಅದು ಛಲೋ ಹಿಡೀತದ. ಪಾತ್ರದ ಬಾಯಿಂದ ನಮ್ಮ ಮಾತು ಬಂತಂದ್ರ ಏನೇನೋ ಬರೀತದ. ಅದಕ್ಕ ಸಂಭಾಷಣಿ ಅಷ್ಟೂ ರೆಕಾರ್ಡ್ ಮಾಡಿ ರಾತ್ರಿ ಕೈಲೇ ಇಳಸ್ತೀನಿ. ಬಾಜೂಕ ಕುಂತವರು ಮನಿಯವರ ಜೋಡಿ ಜಗಳಾಡ್ಲತ್ತಾನ ಅಂತ ತಿಳ್ಕೋತಾರ, ತಿಳ್ಕೊಳ್ಳಿ ಬಿಡ್ರಿ.

ರೈತ, ಆಳಂದ:
ಅಮೆರಿಕದಾಗ 1999ರಾಗ ನ್ಯಾನೊರೈಮೊ ಅಂತ ಒಂದು ಸವಾಲು ಸುರು ಆಗಿತ್ತು, ಒಂದು ತಿಂಗಳಿಗಿ 50,000 ಪದ. ಆಮ್ಯಾಲ ನವೆಂಬರ್ ತಿಂಗಳೇ ಅದಕ್ಕ ನಿಗದಿ ಆತು. ನಡೆಸೋ ಸಂಸ್ಥೆ 2025ರಾಗ ಮುಚ್ತೀವಿ ಅಂತು, ಆದ್ರ ದಿನಕ್ಕ 1,667 ಪದ ಅನ್ನೋ ಲೆಕ್ಕ ಮಂದಿ ಇನ್ನೂ ಹೇಳ್ತಾರ. ನಮಗ ಹೊಂದಂಗಿಲ್ಲ. ಇಂಗ್ಲಿಷಿನ ಮೂರು ನಾಕು ಪದ ನಮ್ಮ ಕನ್ನಡದಾಗ ಒಂದರಾಗೇ ಕುಂದರ್ತಾವ, ಪುಟ ಎಣಿಸೋದೇ ವಾಸಿ. ತಿಂಗಳೂ ನಮ್ಮದಲ್ಲ: ನವೆಂಬರ್‌ನಾಗ ತೊಗರಿ ಹೂವಿಗಿ ಬಂದಿರ್ತದ, ಹುಳಕ್ಕ ಎಣ್ಣಿ (ಔಷಧ) ಹೊಡೀಬೇಕು, ಡಿಸೆಂಬರ್, ಜನವರಿಗಿ ರಾಶಿ. ರಾಶಿ ಮುಗದ ಮ್ಯಾಲ ಕುಂತ್ರ ಜೂನ್ ಬಿತ್ತಿಗಿ ತನಕ ನಾನು ಬರೀತೀನಿ. ದಿನಾ ಬರೀಲೇಬೇಕು ಅನ್ನೋ ಮಾತು ಪಗಾರದವರಿಗಿ.

ಶಿಕ್ಷಕಿ, ಸೇಡಂ:
ಅಷ್ಟು ತಿಂಗಳು ಬಿಟ್ರ ಪಾತ್ರದ ಹೆಸರೇ ಮರ್ತುಹೋಗ್ತಾವಲ್ಲರೀ?

ರೈತ, ಆಳಂದ:
ಬಿಡೋದು ಬರಿಯೋದಷ್ಟೇ, ಅವರನ್ನಲ್ಲರೀ. ಹೊಲದಾಗ ಇದ್ದಾಗ ಏನರೆ ಹೊಳದ್ರ ಕಿಸೆದಾಗಿನ ಚೀಟಿ ಮ್ಯಾಲ ಗೀಚ್ತೀನಿ. ಹೋದ ಸಲದ ನಾಯಕಿ ಮದವಿ ನಿಶ್ಚಯ ಆಗಿದ್ದು ಎಣ್ಣಿ ಅಂಗಡಿ ಬಿಲ್ಲಿನ ಹಿಂದ. ಆ ಬಿಲ್ಲಿನ ರೊಕ್ಕ ಇನ್ನೂ ಕೊಡೋದದ.