ಸಹಾಯ ಬೇಕು: ಟಿ ಕೋಶ ಪಕ್ಕದ ಬಿ ಕೋಶಕ್ಕೆ ಯಾಕೆ ಸಹಾಯ ಮಾಡಲ್ಲ?

ನಮಸ್ಕಾರ. ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಮೊನ್ನೆ ಒಬ್ಬ ಹುಡುಗಿಯ ಪ್ರಶ್ನೆಗೆ ಚಾಕ್‌ಪೀಸ್ ಹಿಡಿದು ಸುಮ್ನೆ ನಿಂತುಬಿಟ್ಟೆ.

1966ರ ಕ್ಲಾಮನ್ ಪ್ರಯೋಗ ಹೇಳುತ್ತಿದ್ದೆ. ವಿಕಿರಣ ಕೊಟ್ಟ ಇಲಿಗಳಿಗೆ ಕುರಿಯ ಕೆಂಪು ರಕ್ತಕಣ ಚುಚ್ಚಿದರು. ಜೊತೆಗೆ ಥೈಮಸ್ (ಎದೆಯಲ್ಲಿರುವ ಗ್ರಂಥಿ) ಕೋಶ ಮಾತ್ರ ಕೊಟ್ಟರೆ ಪ್ರತಿಕಾಯ, ಅಂದರೆ ಆ ಕಣಗಳಿಗೆ ಅಂಟಿಕೊಳ್ಳುವ ರಕ್ಷಕ ಪ್ರೋಟೀನ್, ಅಷ್ಟಕ್ಕಷ್ಟೇ. ಮೂಳೆ ಮಜ್ಜೆಯ ಕೋಶ ಮಾತ್ರ ಕೊಟ್ಟರೂ ಅದೇ ಕಥೆ. ಎರಡನ್ನೂ ಸೇರಿಸಿದಾಗ ಮಾತ್ರ ಎರಡರ ಮೊತ್ತಕ್ಕಿಂತ ಎಷ್ಟೋ ಜಾಸ್ತಿ. ಪ್ರತಿಕಾಯ ಮಾಡುವುದು ಮಜ್ಜೆಯಿಂದ ಬಂದ ಕೋಶ (ಈಗ ಬಿ ಕೋಶ ಅನ್ನುತ್ತೇವೆ), ಥೈಮಸ್ ಕೋಶ (ಟಿ ಕೋಶ) ಬರೀ ಸಹಾಯಕ ಅಂತ 1968ರಲ್ಲಿ ಮಿಲ್ಲರ್ ಮತ್ತು ಮಿಚೆಲ್ ತೋರಿಸಿದರು. ಇಲ್ಲಿವರೆಗೆ ಸುಲಭ.

ಆಗ ಅವಳು ಕೇಳಿದಳು: "ಹಿಬ್ ಲಸಿಕೆಯಲ್ಲಿ ಬ್ಯಾಕ್ಟೀರಿಯಾದ ಸಕ್ಕರೆಯನ್ನು ಪ್ರೋಟೀನ್‌ಗೆ ಅಂಟಿಸುತ್ತಾರಲ್ಲ, ಬರೀ ಬೆರೆಸಿ ಕೊಟ್ಟರೆ ಸಾಲದಾ?" (ಹಿಬ್ ಅಂದರೆ ಚಿಕ್ಕ ಮಕ್ಕಳಲ್ಲಿ ಮಿದುಳು ಪೊರೆಯ ಉರಿಯೂತ ತರಬಲ್ಲ ಒಂದು ಬ್ಯಾಕ್ಟೀರಿಯಾ.)

ನನಗೆ ತಿಳಿದಿದ್ದು ಇಷ್ಟು. ಬಿ ಕೋಶ ಸಕ್ಕರೆಯನ್ನು ಹಿಡಿದು, ಅಂಟಿದ ಪ್ರೋಟೀನ್ ಸಮೇತ ನುಂಗುತ್ತದೆ. ಪ್ರೋಟೀನ್ ಚೂರನ್ನು ತನ್ನ ಮೈಮೇಲಿನ ಎಂಎಚ್‌ಸಿ ಎರಡನೇ ದರ್ಜೆಯ ಅಣುವಿನ (ಚೂರುಗಳನ್ನು ಟಿ ಕೋಶಕ್ಕೆ ತೋರಿಸುವ ತಟ್ಟೆಯಂಥದ್ದು) ಮೇಲಿಟ್ಟು ತೋರಿಸುತ್ತದೆ. ಡೆಂಡ್ರೈಟಿಕ್ ಕೋಶ (ಹೊರಗಿನ ವಸ್ತುವನ್ನು ನುಂಗಿ ಅದರ ಚೂರನ್ನು ಟಿ ಕೋಶಕ್ಕೆ ತೋರಿಸುವ ಇನ್ನೊಂದು ರಕ್ಷಕ ಕೋಶ) ಮೊದಲೇ ಎಬ್ಬಿಸಿದ ಟಿ ಕೋಶ ಅದನ್ನು ಗುರುತಿಸಿ ನೆರವು ಕೊಡುತ್ತದೆ. ಬಿಡಿಬಿಡಿಯಾಗಿ ಕೊಟ್ಟರೆ ಸಕ್ಕರೆ ಹಿಡಿದ ಬಿ ಕೋಶದ ಬಳಿ ತೋರಿಸಲು ಏನೂ ಇರಲ್ಲ, ಅಲ್ವಾ?

ಆದರೆ ಟಿ ಕೋಶ ಬಿಡುವ ಸೈಟೊಕೈನ್ (ಬೇರೆ ಕೋಶಗಳಿಗೆ ಸಂಕೇತ ಒಯ್ಯುವ ಪ್ರೋಟೀನ್) ಪಕ್ಕಕ್ಕೂ ಚೆಲ್ಲಬೇಕಲ್ಲ? ಪಕ್ಕದ ಬಿ ಕೋಶಕ್ಕೆ ಅದು ಸಾಲದಿರುವುದು ಸಿಡಿ40 (ಬಿ ಕೋಶದ ಮೈಮೇಲಿನ ಗ್ರಾಹಕ) ಮೂಲಕ ಮುಟ್ಟಿಯೇ ಸಂಕೇತ ಕೊಡಬೇಕು ಅನ್ನುವ ಕಾರಣಕ್ಕಾ? ಇಮ್ಯುನಾಲಜಿ ಓದಿದವರು ದಯವಿಟ್ಟು ತಿದ್ದಿ. ಮಕ್ಕಳಿಗೆ ಹೇಳಲು ಒಂದು ಹೋಲಿಕೆಯೂ ಬೇಕು. ಬೀಗ-ಕೀಲಿ ಬೇಡ, ಅದು ಹಳಸಿಹೋಗಿದೆ. ಸೋಮವಾರ ಮತ್ತೆ ಅದೇ ಕ್ಲಾಸ್ ಇದೆ.