ಪದಚರ್ಚೆ: ಸ್ನೋಬೋರ್ಡಿನ ‘ಕಾರ್ವಿಂಗ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಮ್ಯೂನಿಕ್‌ನಿಂದ

ಬಳಗದವರಿಗೆ ನಮಸ್ಕಾರ. ಇಲ್ಲಿನ ಕನ್ನಡಿಗರ ಗುಂಪೊಂದು ನವೆಂಬರ್ ಕೊನೆಗೆ ಆಲ್ಪ್ಸ್‌ಗೆ ಸ್ನೋಬೋರ್ಡ್ (ಎರಡೂ ಕಾಲು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಹಲಗೆ) ಪ್ರವಾಸ ಹೊರಟಿದೆ. ಎಲ್ಲಿಗೆ ಹೋಗುವುದೆಂದು ಆರಿಸಿಕೊಳ್ಳಲು ನಾಲ್ಕು ಪುಟದ ಕೈಪಿಡಿ ಮಾಡುತ್ತಿದ್ದೇವೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು, ‘ಕಾರ್ವಿಂಗ್’ ಎಂಬಲ್ಲಿ ಕೈ ನಿಂತಿದೆ. ಕರಡಿನಲ್ಲಿ ಈಗಿರುವ ಸಾಲು: “ಕೆತ್ತನೆಗೆ ಹೊರಟವರು ಮಂಜು ಚೆನ್ನಾಗಿರುವ, ಎತ್ತರದ ಹಿಮನದಿಯಿರುವ ರಿಸಾರ್ಟ್ ಆರಿಸಿಕೊಳ್ಳಿ.” ಓದಿದವರೊಬ್ಬರು ಇದು ಶಿಲ್ಪ ಶಿಬಿರವೇ ಎಂದು ಕೇಳಿದರು. ಕೊರೆತ, ಕೆತ್ತನೆ, ಕಡಿತ, ಇವುಗಳಲ್ಲಿ ಯಾವುದು ಸರಿ? ‘ಎಡ್ಜ್’ಗೆ ಅಂಚು ಅನ್ನಬೇಕೋ ಅಲಗು ಅನ್ನಬೇಕೋ? ಇವತ್ತು ರಾತ್ರಿಯೊಳಗೆ ತಿಳಿಸಿದರೆ ಉಪಕಾರ.

ಧಾರವಾಡದಿಂದ

ಕಂಡರಿಸು. ಶಾಸನದ ಕೊನೆಯಲ್ಲಿ ಬರೆದವನ ಹೆಸರು, ಕಂಡರಿಸಿದವನ ಹೆಸರು ಬರ್ತಾವ. ಸಾವಿರ ವರ್ಷದ ಮಾತು ಕೈಯಾಗಿರುವಾಗ ಹೊಸದ್ಯಾಕ್ರಿ? ‘ಕಂಡರಣೆ’ ಅಂತ ಹಾಕ್ರಿ, ಮುಗೀತು.

ಮೈಸೂರಿನಿಂದ

ಮುಗಿಯಲಿಲ್ಲ. ಕಂಡರಿಸುವುದು ಉಳಿಯ ಕೆಲಸ. ಚೂರು ಎದ್ದು ಬರಬೇಕು, ಅಕ್ಷರ ಉಳಿಯಬೇಕು. ಕೆತ್ತನೆಗೂ ಇದೇ ದೋಷ. ‘ಕೊರೆತ’ ಎಂದರೆ ಓದುಗರಿಗೆ ಮೊದಲು ನೆನಪಾಗುವುದು ಉಳ್ಳಾಲದ ಕಡಲ್ಕೊರೆತ, ಆಮೇಲೆ ಕೊರೆಯುವ ಚಳಿ, ಅದಾದ ಮೇಲೆ ಬಿಡದೆ ಕೊರೆಯುವ ಭಾಷಣಕಾರ. ಕ್ರೀಡೆಯ ಹೆಸರಿಗೆ ಈ ಮೂರೂ ಬೇಡ. ಮೊದಲು ಆ ಕ್ರಿಯೆ ಏನೆಂದು ಬಲ್ಲವರು ಹೇಳಲಿ. ಪದ ಆಮೇಲೆ.

ಇನ್ಸ್‌ಬ್ರುಕ್‌ನಿಂದ

ಮೈಸೂರಿನವರ ಮಾತು ಸರಿ, ಕ್ರಿಯೆಯಿಂದಲೇ ಹೊರಡೋಣ.

ಹೊಲ ಬಲ್ಲವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಸಾಮಾನ್ಯ ತಿರುವು ಕುಂಟೆ ಹೊಡೆದ ಹಾಗೆ: ಬೋರ್ಡು ಅಡ್ಡವಾಗಿ ಉಜ್ಜಿಕೊಂಡು ಹೋಗಿ ಅಗಲ ಪಟ್ಟೆಯನ್ನು ಕೆರೆಯುತ್ತದೆ. ಕಾರ್ವಿಂಗ್ ನೇಗಿಲ ಸಾಲಿನ ಹಾಗೆ: ಬೋರ್ಡು ಓರೆಯಾಗಿ ನಿಂತು, ಮೂತಿ ಹೋದ ಗೆರೆಯಲ್ಲೇ ಬಾಲವೂ ಹೋಗುತ್ತದೆ. ಹಿಂದೆ ಉಳಿಯುವುದು ಸೀಸದ ಕಡ್ಡಿಯಲ್ಲಿ ಎಳೆದಂಥ ಸಣ್ಣ ಗೆರೆ. ಚೂರು ಏಳುವುದಿಲ್ಲ, ಆದ್ದರಿಂದ ಕೆತ್ತು, ಕಂಡರಿಸು ಎರಡೂ ಸಲ್ಲವು. ಗಾಜಿನ ಮೇಲೆ ವಜ್ರದ ಮೊನೆ ಎಳೆದಂತಿರುವ ಕಾರಣ ನನ್ನ ಮತ ‘ಗೀರು’ ಎಂಬುದಕ್ಕೆ. ಇದು ಗೀರುತಿರುವು, ಇನ್ನೊಂದು ಉಜ್ಜುತಿರುವು.

ಎಡ್ಜ್ ಎಂದರೆ ತಳದ ಸುತ್ತ ಕೂರಿಸಿದ ಉಕ್ಕಿನ ಪಟ್ಟಿ, ಸಾಣೆ ಹಿಡಿಯುವಂಥದು. ಅದು ಅಲಗು. ಅಂಚು ಸೀರೆಗಿರಲಿ, ಹಾದಿಯ ಬದಿಗಿರಲಿ.

ಪದಕ್ಕಿಂತ ದೊಡ್ಡ ತಪ್ಪು ನಿಮ್ಮ ಸಾಲಿನಲ್ಲೇ ಇದೆ: “ಮಂಜು ಚೆನ್ನಾಗಿರುವ”. ಕನ್ನಡದಲ್ಲಿ ಮಂಜು ಎಂದರೆ ಬೆಳಗ್ಗೆ ರಸ್ತೆ ಕಾಣದಂತೆ ಕವಿಯುವಂಥದು. ಹಿಮನದಿ ಇರುವುದು ಮರದ ಗಡಿಗಿಂತ ಬಹಳ ಮೇಲೆ. ಅಲ್ಲಿ ಮಂಜು ಕವಿದರೆ ನೆಲ, ಆಕಾಶ ಒಂದೇ ಬಿಳುಪಾಗಿ, ಇಳಿಜಾರು ಎತ್ತ ಎಂಬುದೂ ಕಾಣದು. ಗುರುತಿನ ಕಂಬ ಬಿಟ್ಟು ಹೊರಗೆ ಹೋದರೆ ಹಿಮನದಿಯ ಬಿರುಕುಗಳಿವೆ. ಕೆಳಗೆ ಬಿದ್ದಿರುವುದು ಹಿಮ, ಕಣ್ಣಿಗೆ ಕವಿಯುವುದು ಮಂಜು, ಗಟ್ಟಿಯಾದದ್ದು ಮಂಜುಗಡ್ಡೆ. ಈ ಮೂರನ್ನು ಕೈಪಿಡಿಯಲ್ಲಿ ಎಲ್ಲೂ ಬೆರೆಸಬೇಡಿ.

ಬರಿ ‘ಎತ್ತರ’ ಎಂದರೂ ಸಾಲದು. ಲಿಫ್ಟ್ ಮುಟ್ಟುವ ತುದಿ ಆಸ್ಟ್ರಿಯಾದ ಹಿಂಟರ್‌ಟುಕ್ಸ್‌ನಲ್ಲಿ 3250 ಮೀಟರ್, ಸ್ಟುಬಾಯ್‌ನಲ್ಲಿ 3210, ಪಿಟ್ಸ್‌ಟಾಲ್‌ನಲ್ಲಿ 3440, ಸ್ವಿಟ್ಜರ್ಲೆಂಡಿನ ಜೆರ್ಮಾಟ್‌ನಲ್ಲಿ 3883. ನವೆಂಬರ್‌ನಲ್ಲಿ ಇವೆಲ್ಲ ಕಡೆ ಹಿಮ ಸಿಗುತ್ತದೆ. ಗೀರುವವರಿಗೆ ಆಯ್ಕೆ ತೀರ್ಮಾನವಾಗುವುದು ಬೇರೆ ಕಡೆ.

ಮೊದಲನೆಯದು ಲಿಫ್ಟ್. ಮಂಜುಗಡ್ಡೆ ನಿಧಾನವಾಗಿ ಕೆಳಕ್ಕೆ ಸರಿಯುತ್ತಲೇ ಇರುವುದರಿಂದ ಅದರ ಮೇಲೆ ಕಂಬ ನಿಲ್ಲಿಸುವುದು ಕಷ್ಟ. ಹಾಗಾಗಿ ಹಿಮನದಿಗಳಲ್ಲಿ ಎಳೆಯುವ ಲಿಫ್ಟ್ ಜಾಸ್ತಿ. ಬೋರ್ಡಿನಿಂದ ಒಂದು ಕಾಲು ಬಿಚ್ಚಿ, ಲಿಫ್ಟಿನ ಕೋಲನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡು ಹತ್ತುವಾಗ ಮುಂಗಾಲು ಸೋಲುತ್ತದೆ. ಗಟ್ಟಿ ಬೂಟಿನವರಿಗೆ ಇನ್ನೂ ತ್ರಾಸ. ಜೆರ್ಮಾಟ್‌ನ ಥಿಯೊಡುಲ್ ಹಿಮನದಿಯಲ್ಲಿ ಇವೇ ಹೆಚ್ಚು. ಹಿಂಟರ್‌ಟುಕ್ಸ್‌ನಲ್ಲಿ ತುದಿಯವರೆಗೆ ಗೊಂಡೊಲಾ (ಹಗ್ಗಕ್ಕೆ ತೂಗುವ ಮುಚ್ಚಿದ ಪೆಟ್ಟಿಗೆ) ಇದೆ, ನಿಮ್ಮವರಿಗೆ ಅದೇ ಲೇಸು.

ಎರಡನೆಯದು ಅಗಲ. ಬೋರ್ಡಿನ ಪಕ್ಕದ ಬಾಗಿನ ತ್ರಿಜ್ಯ 10 ಮೀಟರ್ ಇದ್ದು, ಅದನ್ನು 60 ಡಿಗ್ರಿ ಓರೆ ಮಾಡಿದರೆ ತಿರುವಿನ ತ್ರಿಜ್ಯ ಲೆಕ್ಕಕ್ಕೆ 5 ಮೀಟರ್. ಕಲಿಯುವವರು ಅಷ್ಟು ಓರೆ ಮಾಡಲಾರರು, 30 ಡಿಗ್ರಿಗೆ 8.7 ಮೀಟರ್ ಬೇಕು. ಇಕ್ಕಟ್ಟಾದ ಹಾದಿಯಲ್ಲಿ ತಿರುವು ಮುಗಿಯುವ ಮೊದಲೇ ಬೇಲಿ ಬರುತ್ತದೆ. ಆಸ್ಟ್ರಿಯಾದಲ್ಲಿ ನೀಲಿ ಗುರುತಿನ ಹಾದಿ ಶೇ. 25ರವರೆಗಿನ ಇಳಿಜಾರು, ಕೆಂಪು ಶೇ. 40ರವರೆಗೆ. ಅಗಲವಾದ ನೀಲಿ, ಸಲೀಸಾದ ಕೆಂಪು ಎಷ್ಟಿವೆ ಎಂದು ನಕ್ಷೆಯಲ್ಲಿ ನೋಡಲಿ. ಜೊತೆಗೆ ಅಕ್ಟೋಬರ್, ನವೆಂಬರ್‌ನಲ್ಲಿ ರೇಸಿನ ತಂಡಗಳು ತರಬೇತಿಗೆ ಬಂದು ಒಳ್ಳೆಯ ಹಾದಿಗಳನ್ನು ಗೇಟು (ರೇಸಿನ ದಾರಿ ಗುರುತಿಸುವ ಕೋಲುಗಳು) ನೆಟ್ಟು ಕಟ್ಟಿಕೊಂಡಿರುತ್ತವೆ. ಯಾವ ಹಾದಿ ಸಾರ್ವಜನಿಕರಿಗೆ ಬಿಟ್ಟಿದೆ ಎಂದು ಹಿಂದಿನ ದಿನವೇ ವಿಚಾರಿಸಬೇಕು.

ಮೂರನೆಯದು ಹೊತ್ತು. ರಾತ್ರಿ ಯಂತ್ರ ಹಾಯಿಸಿದ ಹಿಮ ಬೆಳಗ್ಗೆ ಗಟ್ಟಿಯಾಗಿ ಗೆರೆಗೆರೆಯಾಗಿರುತ್ತದೆ. ಜನ ತುಂಬಿದ ಮೇಲೆ ಅದು ಕೆದರಿ ಗುಪ್ಪೆಯಾಗುತ್ತದೆ, ಅಡಿಯ ಬೂದು ಮಂಜುಗಡ್ಡೆ ಹೊರಬೀಳುತ್ತದೆ. ಮೊಂಡ ಅಲಗು ಅಲ್ಲಿ ಕಚ್ಚದೆ ಗಡಗಡ ಅದುರುತ್ತದೆ. ಪಕ್ಕದ ಕೋನ 87 ಇಲ್ಲವೆ 88 ಡಿಗ್ರಿ, ತಳದ ಕಡೆ ಅರ್ಧದಿಂದ ಒಂದು ಡಿಗ್ರಿ ಇರುವಂತೆ ಅರ ಹಾಕಿಸಿಕೊಂಡು ಬರಲಿ. ಬೂಟಿನ ತುದಿ ಬೋರ್ಡಿನಾಚೆ ಚಾಚಿದ್ದರೆ ಓರೆ ಮಾಡಿದಾಗ ಬೂಟೇ ಹಿಮಕ್ಕೆ ತಾಗಿ ಅಲಗು ಎದ್ದುಬಿಡುತ್ತದೆ, ಸವಾರ ನೆಲ ಕಾಣುತ್ತಾನೆ. ಸೊಂಟದ, ಅಂದರೆ ನಡುಭಾಗದ, ಅಗಲ ಜಾಸ್ತಿಯಿರುವ ಬೋರ್ಡು ತರಬೇಕು, ಇಲ್ಲವೆ ಬೂಟು ಹಿಡಿಯುವ ಕಟ್ಟುಗಳನ್ನು ಮೂತಿಯ ಕಡೆಗೆ ಇನ್ನಷ್ಟು ತಿರುಗಿಸಬೇಕು.

ಶಿವಮೊಗ್ಗದಿಂದ

ವಿವರ ಚೆನ್ನಾಗಿದೆ, ಪದ ಚೆನ್ನಾಗಿಲ್ಲ. ‘ಗೀರುತಿರುವು’ ಗಮಕ ಸಮಾಸವಾದರೆ ಆದೇಶ ಎಲ್ಲಿ? ಹುರಿಗಡಲೆ, ಸುಡುಗಾಡು ಇದ್ದ ಹಾಗೆ ಗೀರುದಿರುವು ಆಗಬೇಕು. ಇನ್ನು ‘ಹಿಮ’, ‘ಹಿಮನದಿ’ ಎರಡೂ ಸಂಸ್ಕೃತ. ನೀರ್ಗಲ್ಲ ಹೊಳೆ ಎನ್ನಲು ಏನು ಅಡ್ಡಿ? ‘ಸ್ಕೀ’ ಪದವೇ ಹಳೆಯ ನಾರ್ಸ್‌ನಲ್ಲಿ ಸೀಳಿದ ಮರದ ತುಂಡು ಎಂಬ ಅರ್ಥದ್ದು. ನಾವು ‘ಸೀಳು’ ಎಂದೇ ಕರೆಯಬಹುದಿತ್ತು. ಸೀಳುಹಲಗೆ, ಸೀಳಾಟ. ಮೂಲದ ಅರ್ಥವೂ ಉಳಿಯುತ್ತಿತ್ತು.

ಮೈಸೂರಿನಿಂದ

ಸೀಳಾಟ ಬೇಡ. ಹಲಗೆ ಸೀಳುವ ಆಟ ಎಂದು ಓದಿಕೊಳ್ಳುತ್ತಾರೆ. ಪದದ ಹುಟ್ಟು ಬೇರೆ, ಬಳಕೆ ಬೇರೆ. ಹಿಮ ಎಂಬುದು ಹಳ್ಳಿಯವರ ಬಾಯಲ್ಲೂ ಇದೆ, ಅದು ಕನ್ನಡವೇ.

ಧಾರವಾಡದಿಂದ

‘ಗೀರು’ ಅಂದ್ರ ಕಡ್ಡಿ ಗೀರೂದು. ಅದೂ ಉಜ್ಜೂದೇ ಅಲ್ಲೇನ್ರಿ? ಇನ್ಸ್‌ಬ್ರುಕ್‌ನವರು ಬೇರೆ ಮಾಡಬೇಕಂದ ಎರಡನ್ನೂ ಒಂದು ಮಾಡ್ಯಾರ. ಇಷ್ಟು ಕಷ್ಟ ಆದ್ರ ‘ಕಾರ್ವಿಂಗ್’ ಅಂತ ಹಂಗ ಬಿಡ್ರಿ. ಜರ್ಮನ್ನರೂ ಅದನ್ನ ಎರವಲು ತಗೊಂಡಾರ ಅಂತ ಕೇಳೀನಿ.

ಇನ್ಸ್‌ಬ್ರುಕ್‌ನಿಂದ

ತೊಗೊಂಡಿದ್ದಾರೆ ನಿಜ, ‘ಕಾರ್ವನ್’ ಎಂದು ಕ್ರಿಯಾಪದವನ್ನೇ ಮಾಡಿಕೊಂಡಿದ್ದಾರೆ. ಆದರೆ ಕಲಿಸುವಾಗ ‘ಕತ್ತರಿಸಿದ ತಿರುವು’ ಎಂಬ ಅರ್ಥದ ತಮ್ಮದೇ ಮಾತನ್ನೂ ಆಡುತ್ತಾರೆ. ಫ್ರೆಂಚರದೂ ‘ವಿರಾಜ್ ಕುಪೆ’, ಅದೇ ಅರ್ಥ. ಇಟಲಿಯವರು ಕತ್ತರಿಯ ಗೋಜಿಗೇ ಹೋಗದೆ ‘ಕುರ್ವಾ ಕೊಂಡೊಟ್ಟಾ’, ಅಂದರೆ ನಡೆಸಿಕೊಂಡು ಹೋದ ತಿರುವು, ಎಂದರು. ಎರವಲೂ ಇದೆ, ಸ್ವಂತದ್ದೂ ಇದೆ, ಯಾರೂ ಜಗಳವಾಡಲಿಲ್ಲ. ಕಡ್ಡಿಯ ಆಕ್ಷೇಪ ಒಪ್ಪಿದೆ. ‘ಗೀರು’ ಒಂಟಿಯಾಗಿ ನಿಲ್ಲದು, ಜೊತೆಗೆ ಅಲಗು ಇರಲಿ: “ಅಲಗಿನಲ್ಲಿ ಗೀರಿ ತಿರುಗುವುದು”. ಸಮಾಸ ಬೇಡ, ಆದೇಶದ ತಕರಾರೂ ಇಲ್ಲ.

ಮ್ಯೂನಿಕ್‌ನಿಂದ

ಎಲ್ಲರಿಗೂ ವಂದನೆ. ಸಾಲು ಹೀಗಾಯಿತು: “ಕಾರ್ವಿಂಗ್, ಅಂದರೆ ಬೋರ್ಡಿನ ಅಲಗಿನಲ್ಲೇ ಹಿಮ ಗೀರಿ ತಿರುಗುವುದು, ನಿಮ್ಮ ಗುರಿಯಾದರೆ ಅಗಲವಾದ ನೀಲಿ, ಕೆಂಪು ಹಾದಿಗಳೂ ತುದಿಯವರೆಗೆ ಗೊಂಡೊಲಾವೂ ಇರುವ ರಿಸಾರ್ಟ್ ಆರಿಸಿಕೊಳ್ಳಿ. ಮಂಜು ಕವಿದ ದಿನ ಮೇಲೆ ಹೋಗಬೇಡಿ.” ಹಿಂಟರ್‌ಟುಕ್ಸ್ ಮೊದಲು, ಸ್ಟುಬಾಯ್ ಎರಡನೆಯದು.

ಧಾರವಾಡದಿಂದ

‘ರಿಸಾರ್ಟ್’ ತಗೀರಿ. ನಮ್ಮ ಕಡೆ ರಿಸಾರ್ಟ್ ಅಂದ್ರ ಈಜುಕೊಳ ಇರೋ ವಸತಿ, ಒಂದು ಕಂಪೌಂಡಿನ ಒಳಗ. ನೀವು ಹೇಳೂದು ಲಿಫ್ಟು, ಹಾದಿ, ಊರು ಎಲ್ಲಾ ಸೇರಿದ್ದು. ಓದಿದವರು ಹೋಟೆಲ್ ಹುಡುಕ್ತಾರ. ‘ಹಿಮತಾಣ’ ಅನ್ರಿ.

ಶಿವಮೊಗ್ಗದಿಂದ

ತಾಣವೂ ಸಂಸ್ಕೃತದ ‘ಸ್ಥಾನ’ದಿಂದ ಬಂದದ್ದು.

ಧಾರವಾಡದಿಂದ

ತದ್ಭವ ಅದ. ಅಚ್ಚಿಗೆ ಕಳಸ್ರಿ.