10 ದಿನ, 10 ಕಿಲೋ

ಭಾನುವಾರ ಬೆಳಗ್ಗೆ 7.40ಕ್ಕೆ ನಮ್ಮ ಕುಟುಂಬದ ಗುಂಪಿಗೆ ಚಿಕ್ಕಮ್ಮ ಒಂದು ವಿಡಿಯೋ ಕಳಿಸಿದರು. ‘ಮೂರು ಹೊತ್ತೂ ಊಟದ ಬದಲು ಈ ಪುಡಿ ಕಲಸಿ ಕುಡಿಯಿರಿ. 10 ದಿನದಲ್ಲಿ 10 ಕಿಲೋ ಇಳಿಯುತ್ತದೆ. ವ್ಯಾಯಾಮ ಬೇಡ.’ ಆಮೇಲೆ ನಡೆದದ್ದನ್ನು ಹಾಗೇ ಇಳಿಸಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ಬಿಟ್ಟಿದ್ದೇನೆ.

ಅಣ್ಣ: ಬರೀ ಬೊಗಳೆ. ಡಿಲೀಟ್ ಮಾಡಿ ಚಿಕ್ಕಮ್ಮ.

ಚಿಕ್ಕಮ್ಮ: ಪೂರ್ತಿ ನೋಡದೇ ಬೊಗಳೆ ಅಂತೀಯಲ್ಲ! ಮುಂಚಿನ ಫೋಟೋ, ಆಮೇಲಿನ ಫೋಟೋ ಎರಡೂ ಇವೆ ಅದರಲ್ಲಿ.

ಅಣ್ಣ: ಹೊಟ್ಟೆ ಒಳಗೆಳೆದುಕೊಂಡರೆ ನನ್ನದೂ ಅಂಥ ಎರಡು ಫೋಟೋ ಸಿಗುತ್ತದೆ.

ನಾನು: ಚಿಕ್ಕಮ್ಮ, ಸುಮ್ನೆ ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಹೆಚ್ಚುಕಡಿಮೆ 7,700 ಕ್ಯಾಲೊರಿ ಖರ್ಚಾಗಬೇಕು. 10 ದಿನಕ್ಕೆ 10 ಕಿಲೋ ಅಂದರೆ ದಿನಕ್ಕೆ 7,700. ನಮ್ಮಂಥವರ ಮೈ ಇಡೀ ದಿನ ಖರ್ಚು ಮಾಡುವುದೇ 2,000ದ ಆಸುಪಾಸು. ಹತ್ತು ದಿನ ಬರೀ ನೀರು ಕುಡಿದುಕೊಂಡಿದ್ದರೂ ಮೂರು ಕಿಲೋ ಕೊಬ್ಬು ಕರಗುವುದಿಲ್ಲ. ಹಾಗಂತ ಮಾಡಲು ಹೋಗಬೇಡಿ ಮತ್ತೆ!

ಚಿಕ್ಕಮ್ಮ: ಹೋದ ವರ್ಷ ರಾತ್ರಿ ಊಟ ಬಿಟ್ಟಾಗ ಒಂದೇ ವಾರಕ್ಕೆ ಮೂರು ಕಿಲೋ ಇಳಿದಿತ್ತಲ್ಲ? ತೂಕದ ಯಂತ್ರ ಸುಳ್ಳು ಹೇಳಿತಾ?

ದೊಡ್ಡಮ್ಮ: ಸುಳ್ಳು ಹೇಳಲಿಲ್ಲ ಕಣೇ, ನೀರನ್ನೂ ಸೇರಿಸಿ ತೂಗಿತು. ಊಟ ಒಮ್ಮೆಲೇ ಕಡಿಮೆಯಾದರೆ ಮೈ ಮೊದಲು ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಬಳಸುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅದೂ ಹೊರಟುಹೋಗುತ್ತದೆ. ಮತ್ತೆ ಸರಿಯಾಗಿ ಉಣ್ಣಲು ಶುರು ಮಾಡಿದರೆ ವಾಪಸ್.

(ದೊಡ್ಡಮ್ಮ ನರ್ಸ್ ಆಗಿ ನಿವೃತ್ತರಾದವರು. ಗುಂಪಿನಲ್ಲಿ ಅವರ ಮಾತಿಗೆ ಎದುರಾಡುವವರು ಕಡಿಮೆ.)

ಅಣ್ಣ: ವಾಪಸ್ ಬಂದದ್ದು ಮೂರಲ್ಲ, ಐದು!

ಕೆಳಗೆ ಮೂರು ನಗುವ ಮುಖ. 12 ನಿಮಿಷ ಯಾರೂ ಏನೂ ಬರೆಯಲಿಲ್ಲ. ಚಿಕ್ಕಮ್ಮ ಟೈಪ್ ಮಾಡುತ್ತಿರುವುದು ಕಾಣಿಸಿತು, ನಿಂತಿತು, ಮತ್ತೆ ಕಾಣಿಸಿತು.

ಚಿಕ್ಕಮ್ಮ: ಮಂಡಿ ನೋವು ಅಂತ ಹೋದಾಗ ಡಾಕ್ಟರ್ ‘ತೂಕ ಇಳಿಸಿ’ ಅಂದು ಎರಡೇ ನಿಮಿಷಕ್ಕೆ ಕಳಿಸಿಬಿಟ್ಟರು. ಹೇಗೆ ಅಂತ ಯಾರು ಹೇಳಿದರು? ಈ ವಿಡಿಯೋದವನಾದರೂ ಹೇಳಿದ. ನಿಮಗೆಲ್ಲ ನಗು.

ಅಣ್ಣನಿಗೆ ಬೇರೆಯಾಗಿ ಮೆಸೇಜ್ ಹಾಕಿ ಬೈದೆ. ಆ ಐದು ಕಿಲೋ ಮಾತು ಬೇಕಿತ್ತಾ?

ಅಣ್ಣ: ತಪ್ಪಾಯಿತು ಚಿಕ್ಕಮ್ಮ.

ಮಾವ: ಅಕ್ಕ, ಪುಡಿಯೂ ಬೇಡ, ಪಥ್ಯವೂ ಬೇಡ. ನನ್ನ ಹಾಗೆ ದಿನಾ ಒಂದು ಗಂಟೆ ನಡಿ. ಆಮೇಲೆ ಏನು ಬೇಕಾದರೂ ತಿನ್ನು.

ದೊಡ್ಡಮ್ಮ: ಎರಡು ವರ್ಷದಿಂದ ನಡೆಯುತ್ತಿದ್ದೀಯಲ್ಲ, ನಿನ್ನ ಹೊಟ್ಟೆ ಯಾಕೆ ಇನ್ನೂ ಅಲ್ಲೇ ಇದೆ?

ಮಾವ: ಅದು ವಂಶದ್ದು.

ದೊಡ್ಡಮ್ಮ: ವಂಶದ್ದಲ್ಲ, ವಾಕಿಂಗ್ ಮುಗಿಸಿ ಎತ್ತುವ ಬಾಟಲಿಯದ್ದು. 70 ಕಿಲೋ ಮನುಷ್ಯ ಒಂದು ಗಂಟೆ ಚುರುಕಾಗಿ ನಡೆದರೆ ಸುಮಾರು 250ರಿಂದ 300 ಕ್ಯಾಲೊರಿ. ಅರ್ಧ ಲೀಟರ್ ಸಿಹಿ ಪಾನೀಯದಲ್ಲೇ 200 ಬಂದುಬಿಡುತ್ತದೆ. ನಡೆಯಬೇಡ ಅನ್ನುವುದಿಲ್ಲ. ಬಿಪಿಗೆ, ನಿದ್ದೆಗೆ ಒಳ್ಳೆಯದು. ಇಳಿದ ತೂಕ ಮತ್ತೆ ಏರದ ಹಾಗೆ ನೋಡಿಕೊಳ್ಳುವುದಕ್ಕೂ ಬೇಕು. ಆದರೆ ಇಳಿಸುವ ಕೆಲಸ ಜಾಸ್ತಿ ಆಗುವುದು ತಟ್ಟೆಯಲ್ಲಿ.

ಮಾವ ಒಂದು ಹೆಬ್ಬೆರಳು ಒತ್ತಿ ಸುಮ್ಮನಾದರು.

ಚಿಕ್ಕಮ್ಮ: ಈ ಮಂಡಿ ಇಟ್ಟುಕೊಂಡು ಒಂದು ಗಂಟೆ ಹೇಗೆ ನಡೆಯಲಿ ಅಕ್ಕ?

ದೊಡ್ಡಮ್ಮ: ಹತ್ತು ನಿಮಿಷದಿಂದ ಶುರು ಮಾಡು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ. ಅಲ್ಲಿಗೆ ಮುಟ್ಟಲು ತಿಂಗಳುಗಳೇ ಹಿಡಿಯಲಿ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನೂ ಹೇಳಿದ್ದಾರೆ. ಅದನ್ನು ಎಲ್ಲರೂ ಮರೆಯುತ್ತಾರೆ. ಬರೀ ಊಟ ಬಿಟ್ಟು ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಎತ್ತರದ ಕುರ್ಚಿಯಲ್ಲಿ ಕೂತು ಏಳುವುದರಿಂದ ಶುರು ಮಾಡಿದರೂ ಆಯಿತು. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ ಇರಲಿ. ಎಣ್ಣೆ ಅಳೆದು ಹಾಕು, ಒಂದು ದೊಡ್ಡ ಚಮಚಕ್ಕೇ 120 ಕ್ಯಾಲೊರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಅವಸರ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಜಾಸ್ತಿ.

ಚಿಕ್ಕಮ್ಮ: ಅರ್ಧ ಕಿಲೋನಾ? ಅದು ಯಾರಿಗೆ ಕಾಣುತ್ತದೆ?

ನಾನು: ಮಂಡಿಗೆ ಕಾಣುತ್ತದೆ. ಮಂಡಿ ಸವೆತ ಇರುವವರಲ್ಲಿ ಅಳೆದು ನೋಡಿದ್ದಾರೆ ಚಿಕ್ಕಮ್ಮ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ.

ಚಿಕ್ಕಮ್ಮ: ಒಂದಕ್ಕೆ ನಾಲ್ಕಾ? ಹೀಗೆ ಮೊದಲೇ ಹೇಳಬಾರದಿತ್ತಾ? ನಿನ್ನೆಯೇ ಎರಡು ಡಬ್ಬಿ ಪುಡಿ ಆರ್ಡರ್ ಮಾಡಿಬಿಟ್ಟಿದ್ದೇನೆ.

ಅಣ್ಣ: ಎರಡು ಯಾಕೆ?

ಚಿಕ್ಕಮ್ಮ: ಒಂದು ನಿನಗೆ. ಫೋಟೋಗೆ ಹೊಟ್ಟೆ ಒಳಗೆಳೆದುಕೊಳ್ಳುವ ಕಷ್ಟ ತಪ್ಪಲಿ ಅಂತ.